ಹಾಜರಿ ಪುಸ್ತಕದಲ್ಲಿ ಪೆನ್ಸಿಲ್ ಹೆಸರು: ಮಗನನ್ನು ಊರ ಸರ್ಕಾರಿ ಶಾಲೆಗೆ ತಂದ ಕತೆ

ಮೊದಲು ನಾಚಿಕೆಯ ವಿಷಯ ಹೇಳಿಬಿಡುತ್ತೇನೆ. ನನಗೆ ಇಬ್ಬರು ಮಕ್ಕಳು. ದೊಡ್ಡವನು ಹಳದಿ ವ್ಯಾನಿನಲ್ಲಿ ತಾಲ್ಲೂಕು ಕೇಂದ್ರದ ಇಂಗ್ಲಿಷ್ ಮೀಡಿಯಂ ಶಾಲೆಗೆ ಹೋಗುತ್ತಿದ್ದ. ಚಿಕ್ಕವಳು ಮನೆಯಿಂದ ಇನ್ನೂರು ಹೆಜ್ಜೆ ದೂರದ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗೆ. ಯಾಕೆ ಹೀಗೆ ಅಂತ ಯಾರೂ ಕೇಳಲಿಲ್ಲ, ನಾವೂ ಕೇಳಿಕೊಳ್ಳಲಿಲ್ಲ. ಒಬ್ಬರ ಫೀಸಿಗೆ ಆಗುವಷ್ಟು ದುಡ್ಡಿತ್ತು, ಆ ಒಬ್ಬರು ಗಂಡುಮಗ. ಅಷ್ಟೇ. ನಮ್ಮ ಸುತ್ತ ಸುಮಾರು ಮನೆಗಳಲ್ಲಿ ಇದೇ ಲೆಕ್ಕ.

2025ರಲ್ಲಿ ಮಗನನ್ನು ವ್ಯಾನಿನಿಂದ ಇಳಿಸಿ ಊರ ಶಾಲೆಗೆ ಸೇರಿಸಿದೆವು. ಒಂದು ವಾರದ ಕೆಲಸ ಅಂದುಕೊಂಡಿದ್ದೆ. ಏಪ್ರಿಲ್‌ನಲ್ಲಿ ಶುರುವಾಗಿದ್ದು ಸೆಪ್ಟೆಂಬರ್ 17ಕ್ಕೆ ಮುಗಿಯಿತು. ನಮ್ಮಂಥ ಸಣ್ಣ ಊರಿನವರು ಇನ್ನೂ ಯಾರಾದರೂ ಈ ದಾರಿಯಲ್ಲಿ ಹೊರಟರೆ ನನ್ನಷ್ಟು ಅಲೆಯುವುದು ಬೇಡ ಅಂತ ಬರೆಯುತ್ತಿದ್ದೇನೆ.

ಇದಕ್ಕೆಲ್ಲ ಕಾರಣವಾಗಿದ್ದು ಮಾರ್ಚ್ ತಿಂಗಳ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸಭೆ. ಈ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರು ಅಂತ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ನಮ್ಮ ಶಾಲೆಯಲ್ಲಿ ಆಗ ಇದ್ದದ್ದು 13 ಮಕ್ಕಳು. ಹಾಗಾಗಿ ಮಗು ಇರುವ ಮನೆಯವರೆಲ್ಲ ಸದಸ್ಯರೇ. ಮಗಳ ಲೆಕ್ಕದಲ್ಲಿ ನಾನೂ ಒಬ್ಬಳು. ಸಭೆ ಅಂದರೆ ಸಾಮಾನ್ಯವಾಗಿ ಟೀ, ಸಹಿ, ಮನೆ. ಅವತ್ತು ಮೇಷ್ಟ್ರು ಸೀಮೆಸುಣ್ಣ ಹಿಡಿದು ಬೋರ್ಡಿನ ಮುಂದೆ ನಿಂತರು. 13 ಅಂತ ಬರೆದರು. ಐದನೇ ತರಗತಿಯ 4 ಮಕ್ಕಳು ಹೊರಗೆ ಹೋಗುತ್ತಾರೆ, ಕಳೆದರು. ಒಂದು ಮನೆಯವರು ಬೆಂಗಳೂರಿಗೆ ಹೊರಟಿದ್ದಾರೆ, ಇನ್ನೊಂದು ಕಳೆದರು. ಕೆಳಗೆ 8 ಅಂತ ಬರೆದು ಅದರ ಸುತ್ತ ಒಂದು ಸುತ್ತು ಹಾಕಿದರು.

"ಎಂಟೇ ಮಕ್ಕಳಾದ್ರೆ ಶಾಲೆ ಮುಚ್ತಾರಾ ಸಾರ್?" ಅಂತ ನಾನೇ ಕೇಳಿದೆ.

"ಮುಚ್ತೀವಿ ಅಂತ ಯಾರೂ ಅನ್ನಲ್ಲಮ್ಮ. ವಿಲೀನ ಅಂತಾರೆ. ಅದಕ್ಕೂ ಮೊದಲು ಟೀಚರ್ ಹೆಚ್ಚುವರಿ ಪಟ್ಟಿಗೆ ಹೋಗ್ತಾರೆ."

ಹೆಚ್ಚುವರಿ ಪಟ್ಟಿ ಅಂದರೆ ಮಕ್ಕಳು ಕಡಿಮೆ ಅಂತ ಬೇರೆ ಶಾಲೆಗೆ ಕಳಿಸುವ ಟೀಚರ್‌ಗಳ ಪಟ್ಟಿ. ನಮ್ಮಲ್ಲಿ ಇರುವುದೇ ಇಬ್ಬರು. ಮೇಷ್ಟ್ರು ಮತ್ತು ಒಬ್ಬರು ಟೀಚರ್. ಒಬ್ಬರು ಹೋದರೆ ಐದು ತರಗತಿಗೆ ಒಬ್ಬರೇ. ಅವರಿಗೆ ತಾಲ್ಲೂಕಿನಲ್ಲಿ ಮೀಟಿಂಗ್ ಇದ್ದ ದಿನ ಶಾಲೆಗೆ ಬೀಗ. ಬೀಗ ನೋಡಿದ ಅಪ್ಪ ಅಮ್ಮ ವ್ಯಾನಿಗೆ ಫೋನ್ ಮಾಡುತ್ತಾರೆ. ಮಕ್ಕಳು ಕಡಿಮೆ ಅಂತ ಟೀಚರ್ ಇಲ್ಲ, ಟೀಚರ್ ಇಲ್ಲ ಅಂತ ಮಕ್ಕಳು ಇಲ್ಲ. ಬಿಸಿಯೂಟ ಮಾಡುವ ಅಕ್ಕನ ಕೆಲಸವೂ ಇದೇ ಲೆಕ್ಕಕ್ಕೆ ಕಟ್ಟಿದ್ದು. ಅವತ್ತು ಆಕೆ ಬಾಗಿಲ ಹತ್ತಿರ ನಿಂತು ಕೇಳಿಸಿಕೊಳ್ಳುತ್ತಿದ್ದಳು.

ಹತ್ತಕ್ಕಿಂತ ಕಡಿಮೆಯಾದರೆ ಮುಗೀತು ಅಂತ ಊರಲ್ಲಿ ಎಲ್ಲರ ಬಾಯಲ್ಲೂ ಇತ್ತು. ಯಾವ ಆದೇಶದಲ್ಲಿದೆ ಅಂತ ಕೇಳಿದೆ, ಒಬ್ಬರೂ ಒಂದು ಕಾಗದ ತೋರಿಸಲಿಲ್ಲ. ಶಿಕ್ಷಣ ಹಕ್ಕು ಕಾಯ್ದೆ 2009ರ ಕೊನೆಯಲ್ಲಿ ಇರುವ ಅನುಸೂಚಿಯನ್ನು ನಾನೇ ಮೊಬೈಲ್‌ನಲ್ಲಿ ಓದಿದೆ. ಒಂದರಿಂದ ಐದನೇ ತರಗತಿಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಅಂತ ಅಲ್ಲಿ ಸ್ಪಷ್ಟವಾಗಿದೆ. ಐದನೇ ತರಗತಿವರೆಗಿನ ಮಕ್ಕಳಿಗೆ ಒಂದು ಕಿಲೋಮೀಟರ್ ಒಳಗೆ ಶಾಲೆ ಇರಬೇಕು ಅಂತ ನಿಯಮಗಳಲ್ಲಿದೆ. ನಮಗೆ ಹತ್ತಿರದ ಇನ್ನೊಂದು ಶಾಲೆ ಎರಡೂವರೆ ಕಿಲೋಮೀಟರ್, ಅದೂ ಕೆರೆ ಏರಿ ಮೇಲೆ ಹೋಗಬೇಕು. ಇವೆರಡನ್ನೂ ಒಂದು ಹಾಳೆಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಂಡೆ. ಮುಂದೆ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ಆ ಹಾಳೆ ಎರಡು ಸಲ ಕೆಲಸಕ್ಕೆ ಬಂತು. ನೀವೂ ಬರೆದಿಟ್ಟುಕೊಳ್ಳಿ. ಬಾಯಿಮಾತಿಗೆ ಅಲ್ಲಿ ಕಿವಿ ಇಲ್ಲ.

ಇಷ್ಟಾದರೂ ಮಗನ ವ್ಯಾನಿನ ಬಗ್ಗೆ ನನಗೆ ಯೋಚನೆಯೇ ಬಂದಿರಲಿಲ್ಲ, ನಿಜ ಹೇಳಬೇಕೆಂದರೆ. ಬೇರೆಯವರ ಮಕ್ಕಳನ್ನು ಹೇಗೆ ತರೋದು ಅಂತಲೇ ಮಾತಾಡುತ್ತಿದ್ದೆ.

ಆ ವಾರ ಒಂದು ರಾತ್ರಿ ಮಗಳು ತನ್ನ ಎರಡನೇ ತರಗತಿ ಪುಸ್ತಕದ ಕತೆ ಓದುತ್ತಿದ್ದಳು. ಸರ್ವೆ ಮಾಡುವವರು ಹಳ್ಳಿ ಮನೆಗಳಿಗೆ ಬಂದು ಮಕ್ಕಳ ಕೈಲಿ ಹೀಗೇ ಓದಿಸುತ್ತಾರೆ: ಮೊದಲು ಅಕ್ಷರ, ಆಮೇಲೆ ಪದ, ಆಮೇಲೆ ಸಣ್ಣ ಪ್ಯಾರಾ, ಕೊನೆಗೆ ಎರಡನೇ ತರಗತಿ ಮಟ್ಟದ ಕತೆ. ಅಸರ್ ಅಂತ ಆ ವರದಿಗೆ ಹೆಸರು. ದೇಶದ ಹಳ್ಳಿಗಳ ಸರ್ಕಾರಿ ಶಾಲೆಗಳಲ್ಲಿ ಮೂರನೇ ತರಗತಿಯ ನೂರು ಮಕ್ಕಳಲ್ಲಿ ಸುಮಾರು 23 ಮಕ್ಕಳಷ್ಟೇ ಆ ಕತೆ ಓದುತ್ತಾರೆ ಅಂತ 2024ರ ವರದಿಯಲ್ಲಿ ಬಂದಿತ್ತು. ಸುಮ್ನೆ ನೋಡೋಣ ಅಂತ ಅದೇ ಪುಟವನ್ನು ಮೂರನೇ ತರಗತಿ ಮುಗಿಸುತ್ತಿದ್ದ ಮಗನ ಕೈಗೆ ಕೊಟ್ಟೆ. ಅಕ್ಷರ ಗೊತ್ತು. ಒತ್ತಕ್ಷರ ಬಂದರೆ ನಿಂತುಬಿಡುತ್ತಾನೆ. ಕತ್ತರಿ ಅನ್ನುವ ಪದವನ್ನು 'ಕ... ತ... ರಿ' ಅಂದ. ನಾನು ಹೊಲಿಗೆ ಮಾಡುವವಳು. ದಿನಾ ಬೆಳಗಾದರೆ ಅವನ ಕಣ್ಣೆದುರೇ ನನ್ನ ಕೈಯಲ್ಲಿ ಕತ್ತರಿ ಇರುತ್ತದೆ. ತಂಗಿ ಪಕ್ಕದಿಂದ "ಕತ್ತರಿ ಕಣೋ" ಅಂದಳು. ಅವನು ಪುಸ್ತಕ ಎಸೆದು ಎದ್ದು ಹೋದ.

ಹಾಗಂತ ಸರ್ಕಾರಿ ಶಾಲೆ ಸ್ವರ್ಗ ಅಂತ ಹೇಳೋಕೆ ಬಂದಿಲ್ಲ. ಮಾರನೇ ದಿನ ಇಬ್ಬರಿಗೂ 52ರಲ್ಲಿ 37 ಕಳೆಯಲು ಕೊಟ್ಟೆ. ಮಗ ಅರ್ಧ ನಿಮಿಷದಲ್ಲಿ 15 ಅಂದ. ಮಗಳು 25 ಅಂದಳು. ದಶಕ ತೆಗೆದುಕೊಳ್ಳುವುದು ಅವಳಿಗೆ ಗೊತ್ತೇ ಇರಲಿಲ್ಲ. ಸರ್ಕಾರಿ ಶಾಲೆಯ ನಲಿ ಕಲಿ ಪದ್ಧತಿಯಲ್ಲಿ ಒಂದರಿಂದ ಮೂರನೇ ತರಗತಿ ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಾರ್ಡುಗಳ ಮೂಲಕ, ಅವರವರ ವೇಗದಲ್ಲಿ ಕಲಿಸುತ್ತಾರೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿದ್ದಂತೆ. ಓದು ಬರಹಕ್ಕೆ ಚೆನ್ನಾಗಿದೆ. ಆದರೆ ಟೀಚರ್ ತರಬೇತಿಗೆ ಹೋದರೆ ಮಗು ಕಲಿಕೆಯ ಏಣಿಯ ಅದೇ ಮೆಟ್ಟಿಲ ಮೇಲೆ ವಾರಗಟ್ಟಲೆ ಕೂತಿರುತ್ತದೆ. ನನ್ನ ಮಗಳು ಕೂತಿದ್ದಳು.

ಆದರೂ ಮಗನನ್ನು ಊರ ಶಾಲೆಗೆ ಸೇರಿಸೋಣ ಅಂತ ಮನೆಯಲ್ಲಿ ಮಾತು ಎತ್ತಿದಾಗ ಅತ್ತೆ ನಕ್ಕುಬಿಟ್ಟರು. "ಊರೆಲ್ಲ ಮಕ್ಕಳನ್ನ ಹೊರಗೆ ಕಳಿಸ್ತೈತೆ, ನೀನು ಒಳಗೆ ತರ್ತೀಯಲ್ಲೇ." ಯಜಮಾನರು ಮೂರು ದಿನ ಏನೂ ಹೇಳಲಿಲ್ಲ. ನಾಲ್ಕನೇ ದಿನ ಹಾಲಿನ ಡೇರಿ ಪುಸ್ತಕದ ಹಿಂದೆ ಲೆಕ್ಕ ಹಾಕಿ ತೋರಿಸಿದರು. ಫೀಸು 26,000, ವ್ಯಾನಿಗೆ ತಿಂಗಳಿಗೆ 900ರಂತೆ ಹತ್ತು ತಿಂಗಳು, ಪುಸ್ತಕ ಯೂನಿಫಾರ್ಮ್ ಬೇರೆ. "ಇಂಗ್ಲಿಷ್ ಹೋಗುತ್ತಲ್ಲ?" ಅಂದರು. ಊರ ಶಾಲೆಯಲ್ಲೂ ಒಂದನೇ ತರಗತಿಯಿಂದ ಇಂಗ್ಲಿಷ್ ಒಂದು ವಿಷಯವಾಗಿ ಇದೆ, ಆದರೆ ಮೀಡಿಯಂ ಕನ್ನಡ. ಹೋಗುತ್ತೆ, ಸ್ವಲ್ಪ ಹೋಗುತ್ತೆ ಅಂದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಒಪ್ಪಿದರೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ, ಬೇಡ ಅನ್ನಲಿಲ್ಲ.

ಏಪ್ರಿಲ್‌ನಲ್ಲಿ ದಾಖಲಾತಿ ಆಂದೋಲನ. ಮೇಷ್ಟ್ರು, ಟೀಚರ್ ಮತ್ತು ನಾನು ಮನೆ ಮನೆಗೆ ಹೋದೆವು. ಉಚಿತ ಪುಸ್ತಕ, ಎರಡು ಜೊತೆ ಸಮವಸ್ತ್ರ, ಶೂ, ಬಿಸಿಯೂಟ, ಹಾಲು, ಮೊಟ್ಟೆ ಅಂತ ಮೇಷ್ಟ್ರು ಹೇಳುತ್ತಾ ಹೋದರು. ಜನ ತಲೆಯಾಡಿಸಿದರು. ಮೊಟ್ಟೆಗೆ ಮಗು ಕಳಿಸುವ ಕಾಲ ಹೋಗಿದೆ ಅನ್ನೋದು ನನಗೆ ಎರಡನೇ ಮನೆಯಲ್ಲೇ ಗೊತ್ತಾಯಿತು. ಅವರು ಕೇಳಿದ್ದು ಬೇರೆ. ಎಲ್‌ಕೆಜಿ ಇದೆಯಾ? ಇಂಗ್ಲಿಷ್‌ನಲ್ಲಿ ಮಾತಾಡ್ತಾರಾ? ಟೀಚರ್ ದಿನಾ ಬರ್ತಾರಾ? ಒಬ್ಬ ಅಪ್ಪ ಮಾತ್ರ ನೇರವಾಗಿ ಮೇಷ್ಟ್ರ ಮುಖ ನೋಡಿ, "ನಿಮ್ಮ ಮಕ್ಕಳು ಎಲ್ಲಿ ಓದಿದ್ದು ಮೇಷ್ಟ್ರೇ?" ಅಂದ.

ಮೇಷ್ಟ್ರು ಕೈಯಲ್ಲಿದ್ದ ಪಟ್ಟಿ ಮಡಚಿದರು. "ಪ್ರೈವೇಟಲ್ಲಪ್ಪ," ಅಂದರು. ಯಾರೂ ಮಾತಾಡಲಿಲ್ಲ. ಆ ಮನೆಯ ಮಗು ನಮಗೆ ಸಿಗಲಿಲ್ಲ. ಆದರೆ ಮೇಷ್ಟ್ರ ಮೇಲೆ ನನಗೆ ಗೌರವ ಬಂದದ್ದು ಅವತ್ತೇ. ಅದರ ಮುಂದಿನ ಮನೆಯಲ್ಲಿ ನಾನು ಬಾಯಿ ಬಿಟ್ಟೆ: "ನನ್ನ ಮಗನನ್ನ ನಾನು ಬಿಡಿಸ್ತಿದೀನಿ." ಅದು ಕೆಲಸ ಮಾಡಿತು. ಆ ಮನೆಯ ಅಣ್ಣ ತಂಗಿ ಇಬ್ಬರನ್ನೂ ಕಳಿಸುತ್ತೇವೆ ಅಂದರು. ಪಟ್ಟಿ ಓದುವುದಕ್ಕಿಂತ ನಿಮ್ಮ ಮಗುವಿನ ಹೆಸರು ಹೇಳಿ.

ಒಂದನೇ ತರಗತಿಗೆ ಬರಬೇಕಿದ್ದದ್ದು ಮೂವರು. ಇಲ್ಲಿ ಎರಡು ತೊಡಕು ಬಂದವು.

ಮೊದಲನೆಯದು ವಯಸ್ಸು. ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಅನ್ನುವುದು ನಿಯಮ. 2025-26ಕ್ಕೆ ಮಾತ್ರ, ಎಲ್‌ಕೆಜಿ ಯುಕೆಜಿ ಮುಗಿಸಿದ್ದರೆ ಐದು ವರ್ಷ ಐದು ತಿಂಗಳು ಸಾಕು ಅಂತ ಏಪ್ರಿಲ್‌ನಲ್ಲಿ ಸಡಿಲಿಕೆ ಕೊಟ್ಟರು. ಅಂದರೆ 2020ರ ಜನವರಿ 1ರ ಒಳಗೆ ಹುಟ್ಟಿರಬೇಕು. ನಮ್ಮ ಒಂದು ಮಗು ಹುಟ್ಟಿದ್ದು ಜನವರಿ 9. ಎಂಟು ದಿನ. ಅವಳಮ್ಮ ಕ್ಯಾಲೆಂಡರ್ ತೆಗೆದು ಎರಡೆರಡು ಸಲ ಎಣಿಸಿದಳು, ಎಣಿಸಿದರೆ ಕಡಿಮೆಯಾಗುತ್ತೇನೋ ಅನ್ನುವ ಹಾಗೆ. ಮಗು ಅಂಗನವಾಡಿಯಲ್ಲೇ ಉಳಿಯಿತು. ದಿನಾ ಮಧ್ಯಾಹ್ನ ನಮ್ಮ ಶಾಲೆ ಗೇಟಿನ ಹತ್ತಿರ ಬಂದು ನಿಲ್ಲುತ್ತಾಳೆ.

ಎರಡನೆಯದು ಹೆಸರೇ ಇಲ್ಲದ ಜನನ ಪ್ರಮಾಣಪತ್ರ. ಆಸ್ಪತ್ರೆಯಿಂದ ಬಂದ ಹಾಗೇ ಇಟ್ಟುಕೊಂಡಿದ್ದರು, ಮಗುವಿನ ಹೆಸರಿನ ಜಾಗ ಖಾಲಿ. ಇದು ತುಂಬಾ ಮನೆಗಳಲ್ಲಿದೆ, ಇವತ್ತೇ ತೆಗೆದು ನೋಡಿ. ಹುಟ್ಟು ನೋಂದಣಿಯಾದ ಒಂದು ವರ್ಷದೊಳಗೆ ಹೆಸರು ಸೇರಿಸಿದರೆ ಶುಲ್ಕವಿಲ್ಲ. ಆಮೇಲೆ 15 ವರ್ಷದವರೆಗೂ ತಡವಾದ ಶುಲ್ಕ ಕಟ್ಟಿ ಸೇರಿಸಬಹುದು. ಆದರೆ ಎಲ್ಲಿ ನೋಂದಣಿಯಾಗಿದೆಯೋ ಆ ಕಚೇರಿಗೇ ಹೋಗಬೇಕು. ಆ ಮಗು ಹುಟ್ಟಿದ್ದು ತಾಯಿಯ ತವರಿನಲ್ಲಿ, ಎರಡು ಬಸ್ಸು ಬದಲಾಯಿಸಬೇಕು. ಒಂದು ದಿನದ ಕೂಲಿ ಹೋಯಿತು. ವಯಸ್ಸಿನ ದಾಖಲೆ ಇಲ್ಲ ಅಂತ ಮಗುವಿಗೆ ಶಾಲೆ ಬಾಗಿಲು ಹಾಕುವಂತಿಲ್ಲ ಅಂತ ಕಾಯ್ದೆಯಲ್ಲೇ ಇದೆ. ಹಾಗಾಗಿ ಮಗು ಮೊದಲ ದಿನದಿಂದ ಕೂತಿತು, ಕಾಗದ ಹಿಂದಿನಿಂದ ಬಂತು.

ಈಗ ನನ್ನ ಮಗನ ಟಿಸಿ.

ಏಪ್ರಿಲ್ 7ಕ್ಕೆ ಹೋಗಿ ಕೇಳಿದಾಗ "ರಿಸಲ್ಟ್ ಆದ್ಮೇಲೆ ಬನ್ನಿ" ಅಂದರು. ರಿಸಲ್ಟ್ ದಿನ ಹೋದರೆ "ಬಾಕಿ 6,500 ಇದೆ" ಅಂದರು. ಇದು ಸರಿಯೇ, ಮೂರನೇ ಕಂತು ನಾವು ಕಟ್ಟಿರಲಿಲ್ಲ. ಒಂದು ಮದುವೆ ಮನೆಯ ಬ್ಲೌಸುಗಳ ದುಡ್ಡು ಬಂದ ಮೇಲೆ ಮೇ 20ಕ್ಕೆ ಕಟ್ಟಿ ರಸೀದಿ ತಗೊಂಡೆ. ಮೇ 26ಕ್ಕೆ ಹೋದಾಗ ಹೊಸ ಮಾತು. "ಬಿಡ್ತೀವಿ ಅಂತ ಮಾರ್ಚಲ್ಲೇ ಹೇಳ್ಬೇಕಿತ್ತು. ಈಗ ಸೀಟು ಖಾಲಿ ಬೀಳುತ್ತೆ. ಮುಂದಿನ ವರ್ಷದ ಮೊದಲ ಕಂತು 9,000 ಕಟ್ಟಿ, ಟಿಸಿ ಕೊಡ್ತೀವಿ." ಎಲ್ಲಿ ಬರೆದಿದೆ ಅಂದೆ. "ಮ್ಯಾನೇಜ್‌ಮೆಂಟ್ ರೂಲ್" ಅಂದರು. ಕೌಂಟರಿನ ಹುಡುಗಿಗೆ ಇಪ್ಪತ್ತೆರಡು ವಯಸ್ಸಿರಬಹುದು, ಅವಳ ಮೇಲೆ ಸಿಟ್ಟು ಮಾಡಿ ಏನು ಪ್ರಯೋಜನ. ಹೊರಗೆ ಬಂದು ಬಸ್ ಸ್ಟ್ಯಾಂಡಿನಲ್ಲಿ ಕೂತು ಅತ್ತುಬಿಟ್ಟೆ. 9,000 ಕೊಡೋದಾ ಅನ್ನುವ ಯೋಚನೆಯೂ ಬಂತು.

ಕಾಯ್ದೆಯ 5ನೇ ಸೆಕ್ಷನ್ ಆಮೇಲೆ ಓದಿದೆ. ಬೇರೆ ಶಾಲೆಗೆ ಹೋಗುವ ಮಗುವಿಗೆ ಮುಖ್ಯ ಶಿಕ್ಷಕರು ಕೂಡಲೇ ಟಿಸಿ ಕೊಡಬೇಕು. ತಡವಾಯಿತು ಅಂತ ಹೊಸ ಶಾಲೆ ಸೇರಿಸಿಕೊಳ್ಳದೇ ಇರುವಂತಿಲ್ಲ. ಬೇಕೆಂದೇ ತಡ ಮಾಡಿದವರ ಮೇಲೆ ಶಿಸ್ತು ಕ್ರಮ ಇದೆ. ಏಪ್ರಿಲ್‌ನಲ್ಲೇ ಇದನ್ನು ಓದಿದ್ದರೆ ಮೊದಲ ದಿನವೇ ಬರವಣಿಗೆಯಲ್ಲಿ ಅರ್ಜಿ ಕೊಡುತ್ತಿದ್ದೆ. ನನ್ನ ದೊಡ್ಡ ತಪ್ಪು ಅದು. ಮೂರು ಸಲ ಬಾಯಲ್ಲಿ ಕೇಳಿದ್ದಕ್ಕೆ ನನ್ನ ಹತ್ತಿರ ಸಾಕ್ಷಿಯೇ ಇರಲಿಲ್ಲ.

ಮೇ 29ಕ್ಕೆ ಶಾಲೆ ಶುರುವಾಯಿತು. ಮಗ ತಂಗಿ ಜೊತೆ ನಡೆದು ಹೋದ. ಅವನ ಹೆಸರನ್ನು ಮೇಷ್ಟ್ರು ಹಾಜರಿ ಪುಸ್ತಕದಲ್ಲಿ ಪೆನ್ಸಿಲ್‌ನಲ್ಲಿ ಬರೆದರು. "ಟಿಸಿ ಬಂದ ಮೇಲೆ ಪೆನ್ನಲ್ಲಿ ಬರೀತೀನಮ್ಮ, ಆನ್‌ಲೈನ್‌ನಲ್ಲಿ ಇನ್ನೂ ಅಲ್ಲೇ ತೋರಿಸ್ತಿದೆ." ದಾಖಲಾತಿ ಪುಸ್ತಕದಲ್ಲೇ ಬರೆಯಿರಿ, ಕಾಯ್ದೆ ಇದೆ ಅಂತ ನಾನು ಹಟ ಹಿಡಿಯಬೇಕಿತ್ತು. ಹಿಡಿಯಲಿಲ್ಲ. ನೀವು ಹಿಡಿಯಿರಿ.

ಹೆಸರು ಲೆಕ್ಕದಲ್ಲಿ ಇಲ್ಲ ಅಂದರೆ ಅವನ ಪಾಲಿನ ಪುಸ್ತಕ, ಬಟ್ಟೆ, ಶೂ ಯಾವುದೂ ಇಲ್ಲ. ಹಿಂದಿನ ವರ್ಷದ ಹುಡುಗನ ಹಳೇ ಪುಸ್ತಕ ತಂದೆವು. ಸಮವಸ್ತ್ರ ನಾನೇ ಹೊಲಿದೆ. ಅದೇ ಬಣ್ಣದ ಬಟ್ಟೆ ಪೇಟೆಯಲ್ಲಿ ಸಿಕ್ಕಿತು, ಆದರೆ ಒಂಚೂರು ಗಾಢ. ಸಾಲಿನಲ್ಲಿ ನಿಂತರೆ ದೂರದಿಂದಲೇ ಗೊತ್ತಾಗುತ್ತಿತ್ತು. ಊಟಕ್ಕೆ ಮಾತ್ರ ಅಡುಗೆ ಅಕ್ಕ ಯಾವ ಪುಸ್ತಕವನ್ನೂ ನೋಡಲಿಲ್ಲ. "ತಟ್ಟೆ ತಗೊಂಡು ಬಾರೋ" ಅಂದಳು.

ಜೂನ್ 5ಕ್ಕೆ ಅರ್ಜಿ ಎರಡು ಪ್ರತಿ ಬರೆದುಕೊಂಡು ಹೋದೆ, ಒಂದಕ್ಕೆ ಸೀಲ್ ಹಾಕಿ ಕೊಡಿ ಅಂತ. ಹಾಕಲಿಲ್ಲ. ಅವತ್ತೇ ಅಂಚೆ ಕಚೇರಿಗೆ ಹೋಗಿ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ, ತಲುಪಿದ ಸಹಿ ವಾಪಸ್ ಬರುವ ಕಾರ್ಡು ಹಚ್ಚಿ ಕಳಿಸಿದೆ. ಇಡೀ ಪ್ರಕರಣದಲ್ಲಿ ನಾನು ಮಾಡಿದ ಒಂದೇ ಒಂದು ಬುದ್ಧಿವಂತ ಕೆಲಸ ಇದು. ಆಮೇಲೆ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟ್ ಜೊತೆ ಸೇರಿದೆ, ಹಾಗಾಗಿ ನೀವು ಸ್ಪೀಡ್ ಪೋಸ್ಟ್ ಅಂತ ಕೇಳಿ.

ಆ ಕಾರ್ಡು ಹಿಡಿದು ಬಿಇಒ ಕಚೇರಿಗೆ ಹೋದೆ. ಮೊದಲ ಸಲ ಸಾಹೇಬರು ಮೀಟಿಂಗು. ಎರಡನೇ ಸಲ ಕೇಸ್ ವರ್ಕರ್ ರಜೆ. ಮೂರನೇ ಸಲ, ಜುಲೈ ಮೂರನೇ ವಾರ, ಶಿಕ್ಷಣ ಸಂಯೋಜಕರೊಬ್ಬರು ಸಿಕ್ಕಿದರು. ಅರ್ಜಿ, ಬಾಕಿ ಕಟ್ಟಿದ ರಸೀದಿ, ಅಂಚೆ ಕಾರ್ಡು, ನನ್ನ ಪರ್ಸಿನ ಹಾಳೆ ಎಲ್ಲ ಮುಂದಿಟ್ಟೆ. ಓದಿ, ನನ್ನೆದುರೇ ಆ ಶಾಲೆಗೆ ಫೋನ್ ಮಾಡಿದರು. ಎರಡು ನಿಮಿಷದ ಫೋನು. ಅದಕ್ಕೆ ಮೂರು ದಿನದ ಹೊಲಿಗೆ ಬಿಟ್ಟಿದ್ದೆ.

ಈ ಮಧ್ಯೆ ಆ ಅಣ್ಣ ತಂಗಿ ಜುಲೈಯಲ್ಲೇ ವಾಪಸ್ ವ್ಯಾನ್ ಹತ್ತಿದರು. ಅವರ ಟಿಸಿಯೂ ಬಂದಿರಲಿಲ್ಲವಲ್ಲ, ಹಾಗಾಗಿ ಹೋಗುವುದು ಸುಲಭವಾಯಿತು. ಅವರಮ್ಮ ನನ್ನನ್ನು ಕಂಡರೆ ಬೇರೆ ಓಣಿಯಲ್ಲಿ ಹೋಗುತ್ತಿದ್ದಳು. ನನಗೆ ಸಿಟ್ಟಿರಲಿಲ್ಲ. ಮೇಷ್ಟ್ರು ಆ ತಿಂಗಳು ನಾಲ್ಕು ದಿನ ತರಬೇತಿ, ಮೀಟಿಂಗು ಅಂತ ಹೋಗಿದ್ದರು, ಟೀಚರ್ ಒಬ್ಬರೇ ಐದೂ ತರಗತಿಯನ್ನು ಒಂದೇ ಕೋಣೆಯಲ್ಲಿ ಕೂರಿಸಿದ್ದರು. ಅದನ್ನು ನೋಡಿಯೇ ಅವರು ಬಿಡಿಸಿದ್ದು. ನಾನೂ ಎರಡು ರಾತ್ರಿ ಯೋಚನೆ ಮಾಡಿದೆ.

ಮಗನಿಗೂ ಸುಲಭವಿರಲಿಲ್ಲ. ಪ್ಲಸ್, ಮೈನಸ್ ಗೊತ್ತು, ಸಂಕಲನ ವ್ಯವಕಲನ ಅಂದರೆ ಪಿಳಿಪಿಳಿ ನೋಡುತ್ತಿದ್ದ. ಹಿಂದಿನ ತರಗತಿಯದ್ದು ಎಷ್ಟು ಗೊತ್ತು ಅಂತ ನೋಡುವ ಜೂನ್‌ನ ಸೇತುಬಂಧ ಪರೀಕ್ಷೆಯಲ್ಲಿ ಗಣಿತದಲ್ಲಿ ಸೊನ್ನೆ ಬಂತು. ಲೆಕ್ಕ ಬರುತ್ತಿರಲಿಲ್ಲ ಅಂತಲ್ಲ, ಪ್ರಶ್ನೆಯೇ ಓದಿರಲಿಲ್ಲ. ಟೀಚರ್ ಅವನನ್ನು ಎರಡು ತಿಂಗಳು ದಿನಕ್ಕೆ ಅರ್ಧ ಗಂಟೆ ಮೂರನೇ ತರಗತಿಯವರ ಜೊತೆ, ಅಂದರೆ ತಂಗಿ ಜೊತೆ, ಓದಲು ಕೂರಿಸಿದರು. ಮೊದಲ ವಾರ ಮನೆಗೆ ಬಂದು ಊಟ ಮಾಡಲಿಲ್ಲ. ಆಮೇಲೆ ಇಬ್ಬರೂ ಒಪ್ಪಂದ ಮಾಡಿಕೊಂಡರು: ಅವಳು ಒತ್ತಕ್ಷರ ಹೇಳಿಕೊಡಬೇಕು, ಅವನು ದಶಕ ತೆಗೆದುಕೊಳ್ಳುವುದು ತೋರಿಸಬೇಕು.

ಆಗಸ್ಟ್ 12ಕ್ಕೆ ಟಿಸಿ ಕಾಗದ ಕೈಗೆ ಬಂತು. ಖುಷಿಗೆ ಒಂದು ಕಿಲೋ ಮೈಸೂರು ಪಾಕು ತಂದೆ. ಮೇಷ್ಟ್ರು ಕಂಪ್ಯೂಟರ್ ತೆಗೆದು ನೋಡಿ, "ಕಾಗದ ಬಂದಿದೆ, ಹುಡುಗ ಬಂದಿಲ್ಲ" ಅಂದರು.

ಇದನ್ನು ಗಮನವಿಟ್ಟು ಓದಿ. ಪ್ರತಿ ಮಗುವಿಗೂ ಸ್ಯಾಟ್ಸ್ ಅನ್ನುವ ಆನ್‌ಲೈನ್ ವ್ಯವಸ್ಥೆಯಲ್ಲಿ ಒಂದು ನಂಬರ್ ಇರುತ್ತದೆ. ಹಳೇ ಶಾಲೆ ಅದರಲ್ಲಿ ಟಿಸಿ ಕೊಟ್ಟರೆ ಮಾತ್ರ ಹೊಸ ಶಾಲೆಗೆ ಮಗುವನ್ನು ಎಳೆದುಕೊಳ್ಳಲು ಬರುತ್ತದೆ. ಕೈಯಲ್ಲಿ ಕಾಗದ ಇದ್ದರೂ ಅಲ್ಲಿ ಒತ್ತದಿದ್ದರೆ ಮಗು ಅಲ್ಲೇ. ನನ್ನ ಮಗ ಎರಡೂವರೆ ತಿಂಗಳಿನಿಂದ ನಮ್ಮೂರಲ್ಲಿ ಕೂತು ಓದುತ್ತಿದ್ದ, ಅಲ್ಲಿ ನಾಲ್ಕನೇ ತರಗತಿಗೆ ಪಾಸಾಗಿ ಹಾಜರಿದ್ದ. ಅವರಿಗೂ ತಲೆ ಎಣಿಕೆ ಬೇಕು, ನಮಗೂ ಬೇಕು. ಟಿಸಿ ಕೈಗೆ ಬಂದ ಕೂಡಲೇ ಕೌಂಟರ್ ಬಿಡಬೇಡಿ. "ಸ್ಯಾಟ್ಸ್‌ನಲ್ಲಿ ಆಯ್ತಾ? ತೋರಿಸಿ" ಅಂತ ಕೇಳಿ, ನಿಂತಲ್ಲೇ ನಿಮ್ಮ ಮೇಷ್ಟ್ರಿಗೆ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಿ.

ನಮ್ಮ ವಿಷಯದಲ್ಲಿ ಇನ್ನೊಂದು ಗಂಟು ಇತ್ತು. ಆಧಾರ್‌ನಲ್ಲಿ ಹೆಸರಿನ ಮುಂದೆ ಇರುವ ಇನಿಷಿಯಲ್ ಒಂದು, ಸ್ಯಾಟ್ಸ್‌ನಲ್ಲಿ ಇನ್ನೊಂದು. ಎಲ್‌ಕೆಜಿಗೆ ಸೇರಿಸುವಾಗ ಯಾರೋ ತಪ್ಪಾಗಿ ಒತ್ತಿದ್ದಾರೆ, ನಾವು ಯಾವತ್ತೂ ನೋಡಿಲ್ಲ. ಟಿಸಿ ಆದ ಮೇಲೆ ತಿದ್ದುವುದು ಇನ್ನೂ ಕಷ್ಟ ಅಂತ ಮೇಷ್ಟ್ರು ಹೇಳಿದರು, ಹಾಗಾಗಿ ಅಲ್ಲೇ ತಿದ್ದಿಸಲು ಮತ್ತೆ ಮೂರು ಓಡಾಟ. ಜನನ ಪ್ರಮಾಣಪತ್ರ, ಆಧಾರ್, ಜಾತಿ ಆದಾಯ ಪ್ರಮಾಣಪತ್ರ, ಶಾಲೆಯ ದಾಖಲೆ, ಈ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಒಂದೊಂದು ಅಕ್ಷರ ಹೋಲಿಸಿ ನೋಡಿ. ಶಾಲೆ ಬದಲಾಯಿಸುವ ಯೋಚನೆ ಇಲ್ಲದಿದ್ದರೂ ನೋಡಿ.

ಆಗಸ್ಟ್ ಕೊನೆಯಲ್ಲಿ ಇನ್ನೊಂದು ಮಗು ಬಂತು. ಯಾದಗಿರಿ ಕಡೆಯಿಂದ ಕೆಲಸಕ್ಕೆ ಬಂದ ಕುಟುಂಬ, ತೋಟದ ಮನೆಯಲ್ಲಿ ಉಳಿದಿದ್ದರು. ಎರಡನೇ ತರಗತಿ ಹುಡುಗಿ, ಕೈಯಲ್ಲಿ ಒಂದೇ ಒಂದು ಕಾಗದವಿಲ್ಲ. ಮೇಷ್ಟ್ರು ಆ ಊರಿನ ಸರ್ಕಾರಿ ಶಾಲೆಗೆ ಫೋನ್ ಮಾಡಿದರು. ಎರಡನೇ ದಿನ ಆನ್‌ಲೈನ್‌ನಲ್ಲಿ ಟಿಸಿ ಬಂತು. ಅಷ್ಟು ದೂರದಿಂದ ಎರಡು ದಿನ. ಹದಿನಾಲ್ಕು ಕಿಲೋಮೀಟರ್ ಆಚೆಯಿಂದ ಐದು ತಿಂಗಳು. ಆ ಹುಡುಗಿಯ ಹೆಸರು ನನ್ನ ಮಗನಿಗಿಂತ ಮೊದಲು ಪೆನ್ನಿನಲ್ಲಿ ಬಿತ್ತು.

ಸೆಪ್ಟೆಂಬರ್ ಬಂದಂತೆ ಮೇಷ್ಟ್ರ ಮುಖ ಸಣ್ಣದಾಗತೊಡಗಿತು. ಯು-ಡೈಸ್‌ಗೆ, ಅಂದರೆ ದೇಶದ ಶಾಲೆಗಳ ಮಾಹಿತಿ ಇಡುವ ಸರ್ಕಾರದ ದಾಖಲೆಗೆ, ಲೆಕ್ಕ ಹಿಡಿಯುವ ದಿನ ಸೆಪ್ಟೆಂಬರ್ 30. ಆದರೆ 20ರಿಂದ ದಸರಾ ರಜೆ. ಅಂದರೆ 19ರ ಒಳಗೆ ಆಗಬೇಕು. ಆಗ ಲೆಕ್ಕದಲ್ಲಿ ಇದ್ದದ್ದು 11: ಉಳಿದ ಎಂಟು, ಒಂದನೇ ತರಗತಿಗೆ ಬಂದ ಇಬ್ಬರು, ಯಾದಗಿರಿಯ ಹುಡುಗಿ. ಚಾಪೆ ಮೇಲೆ ಕೂತಿದ್ದವರು 12. ಒಂದು ಮಗುವಿಂದ ಏನಾಗುತ್ತೆ ಅಂತ ಪೇಟೆಯವರು ಕೇಳಬಹುದು. ನಾನು ಮಾತ್ರ ಆ ಎರಡು ವಾರ ಕತ್ತರಿ ಹಿಡಿದರೂ ಫೋನಿನ ಮೇಲೇ ಕಣ್ಣು. ಒಂದು ಬ್ಲೌಸಿನ ತೋಳು ಉಲ್ಟಾ ಹೊಲಿದೆ.

17ನೇ ತಾರೀಖು ಬುಧವಾರ ಮೂರೂವರೆಗೆ ಮೇಷ್ಟ್ರು ಫೋನ್ ಮಾಡಿದರು. "ಬಂದ ಕಣಮ್ಮ."

ಖರ್ಚು ಕೇಳುವವರಿಗೆ: ಬಾಕಿ ಫೀಸು 6,500 ಬಿಟ್ಟರೆ ಜೆರಾಕ್ಸು, ಅಂಚೆ, ಸಮವಸ್ತ್ರದ ಬಟ್ಟೆ ಎಲ್ಲ ಸೇರಿ 1,400ರ ಹತ್ತಿರ. ಶಕ್ತಿ ಯೋಜನೆ ಇರುವುದರಿಂದ ನನ್ನ ಬಸ್ಸಿಗೆ ದುಡ್ಡಿಲ್ಲ, ಯಜಮಾನರು ಜೊತೆಗೆ ಬಂದ ದಿನ ಮಾತ್ರ ಟಿಕೆಟ್. ಆ 9,000 ಕೊಡಲಿಲ್ಲ. ಹೊಲಿಗೆ ಬಿಟ್ಟು ಓಡಾಡಿದ್ದು ಹನ್ನೊಂದು ದಿನ, ಅದರ ಲೆಕ್ಕ ಹಾಕಿಲ್ಲ.

ದಸರಾ ರಜೆ ಅಕ್ಟೋಬರ್ 7ಕ್ಕೆ ಮುಗಿಯಬೇಕಿತ್ತು. ಜಾತಿ ಸಮೀಕ್ಷೆ ಅಂತ ಸರ್ಕಾರಿ, ಅನುದಾನಿತ ಶಾಲೆಗಳಿಗೆ 18ರವರೆಗೆ ರಜೆ ಮುಂದುವರಿಸಿದರು. ಮೇಷ್ಟ್ರು, ಟೀಚರ್ ಇಬ್ಬರೂ ಮನೆ ಮನೆ ತಿರುಗುತ್ತಿದ್ದರು. ಹಳದಿ ವ್ಯಾನು ಮಾತ್ರ ಎಂಟನೇ ತಾರೀಖಿನಿಂದಲೇ ಓಡಿತು. ಆ ಹತ್ತು ದಿನ ಅತ್ತೆ ಏನೂ ಅನ್ನಲಿಲ್ಲ. ವ್ಯಾನು ಹೋಗುವ ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿ ಬಂದು ಕೂರುತ್ತಿದ್ದರು, ಅಷ್ಟೇ. ಟೀಚರ್ ಹೆಚ್ಚುವರಿ ಪಟ್ಟಿಗೆ ಹೋಗುತ್ತಾರೋ ಇಲ್ಲವೋ ಇನ್ನೂ ಗೊತ್ತಾಗಿಲ್ಲ.

ದೀಪಾವಳಿ ಮುಗಿದು ಶಾಲೆ ಶುರುವಾದ ಮೇಲೆ ಸಹಿ ಹಾಕಲು ಹೋಗಿದ್ದೆ. ಮೇಷ್ಟ್ರು ಹಾಜರಿ ಪುಸ್ತಕ ತೆಗೆದು ತೋರಿಸಿದರು. ಮಗನ ಹೆಸರು ನೀಲಿ ಪೆನ್ನಿನಲ್ಲಿದೆ, ಇನಿಷಿಯಲ್ ಕೂಡ ಸರಿಯಾಗಿದೆ. ದಾಖಲಾದ ದಿನ 17-09-2025. ಅದಕ್ಕಿಂತ ಹಿಂದಿನ ಹಾಜರಿಯನ್ನು ಇಟ್ಟುಕೊಳ್ಳುವ ಹಾಗಿಲ್ಲ, ಹಾಗಾಗಿ ಜೂನ್‌ನಿಂದ ಹಾಕಿದ್ದ ಪೆನ್ಸಿಲ್ ಗುರುತುಗಳನ್ನೆಲ್ಲ ರಬ್ಬರ್ ಹಾಕಿ ಅಳಿಸಿದ್ದಾರೆ. ಕಿಟಕಿ ಕಡೆ ಹಿಡಿದರೆ ಇನ್ನೂ ಕಾಣುತ್ತದೆ. ಎಣಿಸಿದೆ. ಜೂನ್ ತಿಂಗಳಲ್ಲಿ ಒಂದೇ ದಿನ ತಪ್ಪಿಸಿದ್ದಾನೆ.